ಪಾಳುಮನೆಯಲ್ಲಿ ನಡೆದ ಆತ್ಮಶೋಧನೆ

ವಿಷಯ ಪ್ರವೇಶ

ಹೆಸರನ್ನು ಕೇಳಿದವರಿಗೆ ಮನುಷ್ಯನು ಒಡನೆಯೇ ಉತ್ತರ ಕೊಡಬಲ್ಲನು. ಊರು, ಮನೆತನ, ಕಸುಬು, ತಂದೆತಾಯಿಗಳ ಹೆಸರು ಇವನ್ನೂ ತಡವಿಲ್ಲದೆ ಹೇಳಬಲ್ಲನು. ಆದರೆ ಇವೆಲ್ಲವನ್ನೂ ಬದಿಗಿರಿಸಿ “ನೀನು ಯಾರು?” ಎಂದು ಕೇಳಿದರೆ ಅವನ ಮಾತು ನಿಂತುಹೋಗುವುದು. ಏತಕ್ಕೆಂದರೆ, ಮೇಲೆ ಹೇಳಿದುವುಗಳಲ್ಲಿ ಹೆಚ್ಚಿನವು ಅನ್ಯರು ಅವನಿಗೆ ಕೊಟ್ಟುವೇ ಹೊರತು ಅವನು ತಾನಾಗಿ ಕಂಡುಕೊಂಡುವಲ್ಲ. ತನ್ನಲ್ಲಿ ಕೊಟ್ಟುದು ಎಷ್ಟು, ಕಂಡುಕೊಂಡುದು ಎಷ್ಟು ಎಂಬ ವಿವೇಕವೇ ಅರಿವಿನ ಮೊದಲ ಮೆಟ್ಟಿಲು.

ಈ ವಿವೇಕವು ಗ್ರಂಥಾಧ್ಯಯನದಿಂದ ಹುಟ್ಟಬಹುದು. ಹಿರಿಯರ ಸಂಗದಿಂದ ಹುಟ್ಟಬಹುದು. ಕೈ ಕೆಸರಾಗುವ ದುಡಿಮೆಯಿಂದಲೂ ಹುಟ್ಟಬಹುದು. ಮೂರನೆಯ ಬಗೆಗೆ ಒಂದು ನಿದರ್ಶನವನ್ನು ಈ ಲೇಖನದಲ್ಲಿ ವಿಚಾರಿಸುವೆವು. 1971-72ರಲ್ಲಿ ಅಮೆರಿಕದ ಲಾಸ್ ಏಂಜಲೀಸ್ ನಗರದಲ್ಲಿ ಕಲಾಶಾಲೆಯೊಂದರ ವಿದ್ಯಾರ್ಥಿನಿಯರು ಒಂದು ಪಾಳುಮನೆಯನ್ನು ದುರಸ್ತಿ ಮಾಡಿ, ಅದರ ಒಂದೊಂದು ಕೋಣೆಯನ್ನೂ ಕಲಾಕೃತಿಯನ್ನಾಗಿ ಮಾರ್ಪಡಿಸಿ, “ಹೆಣ್ಣೆಂದು ಕರೆಯಿಸಿಕೊಳ್ಳುವ ನಾವು ಯಾರು?” ಎಂಬ ಪ್ರಶ್ನೆಯನ್ನು ತಮಗೆ ತಾವೇ ಹಾಕಿಕೊಂಡರು. ಆ ಕೃತಿಗೆ ‘ವುಮನ್‌ಹೌಸ್’, ಅಂದರೆ ‘ಸ್ತ್ರೀಗೃಹ’, ಎಂದು ಹೆಸರು. ಅವರ ಪ್ರಯತ್ನಕ್ಕೂ ನಮ್ಮ ವಚನ ಸಾಹಿತ್ಯಕ್ಕೂ ಚಾರಿತ್ರಿಕವಾದ ಸಂಬಂಧವೇನೂ ಇಲ್ಲ. ಆದರೂ ಮನೆಯೆಂಬುದನ್ನೇ ಸಾಧನೆಯ ನೆಲೆಯಾಗಿ ಉಳ್ಳ ಗೃಹಸ್ಥರು ಆ ಮನೆಯೊಳಗೊಮ್ಮೆ ಮನಸ್ಸಿನಿಂದ ನಡೆದು ಬರುವುದು ಉಪಯುಕ್ತವೇ ಆಗಿದೆ.

1. ಪ್ರತಿಷ್ಠಾಪನಾ ಕಲೆ ಎಂದರೇನು?

ಚಿತ್ರವು ಗೋಡೆಯ ಮೇಲೆ ಇರುವುದು. ನೋಡುವವನು ಎದುರು ನಿಂತು ನೋಡುವನು. ಶಿಲ್ಪವು ಪೀಠದ ಮೇಲೆ ಇರುವುದು. ನೋಡುವವನು ಸುತ್ತ ಬಂದು ನೋಡುವನು. ಎರಡರಲ್ಲಿಯೂ ಕೃತಿ ಬೇರೆ, ಪ್ರೇಕ್ಷಕ ಬೇರೆ. ಪ್ರತಿಷ್ಠಾಪನಾ ಕಲೆಯಲ್ಲಿ ಹಾಗಲ್ಲ. ಅಲ್ಲಿ ಒಂದು ಸ್ಥಳವೇ ಕೃತಿ. ಪ್ರೇಕ್ಷಕನು ಅದರೊಳಗೆ ಕಾಲಿಡುವನು. ನೆಲ, ಗೋಡೆ, ಬೆಳಕು, ಬಣ್ಣ, ಸಾಮಾನುಗಳು ಅವನನ್ನು ಎಲ್ಲ ಕಡೆಯಿಂದಲೂ ಆವರಿಸುವುವು. ಹೊರಗೆ ನಿಂತು “ಇದು ಚೆನ್ನಾಗಿದೆ, ಇದು ಚೆನ್ನಾಗಿಲ್ಲ” ಎಂದು ತೀರ್ಪು ಹೇಳುವ ಅನುಕೂಲವು ಅವನಿಗೆ ಅಲ್ಲಿ ಸುಲಭವಾಗಿ ದೊರೆಯದು. ಆದುದರಿಂದ ತನ್ನ ಸ್ವರೂಪವೇನೆಂದು ಕೇಳುವ ಕೃತಿಗೆ ಈ ಪ್ರಕಾರವು ಅನುಕೂಲವಾದುದು. ಒಳಗೆ ಹೋದವನು ಪ್ರಶ್ನೆಯ ಒಳಗೇ ಹೋದಂತಾಗುವುದು.

2. ಗುರುಗಳೂ ವಿದ್ಯಾರ್ಥಿನಿಯರೂ

ಈ ಕಾರ್ಯಕ್ಕೆ ಮುಂದಾಳುಗಳಾದವರು ಜೂಡಿ ಶಿಕಾಗೊ ಮತ್ತು ಮಿರಿಯಮ್ ಶಪೀರೊ ಎಂಬ ಇಬ್ಬರು ಚಿತ್ರಕಲಾವಿದೆಯರು. ಇವರಲ್ಲಿ ಮೊದಲನೆಯವರ ಹೆಸರಿನಲ್ಲಿಯೇ ನಮ್ಮ ವಿಷಯದ ಬೀಜವುಂಟು. ಹುಟ್ಟಿದಾಗ ಅವರದು ಕೋಹೆನ್ ಎಂಬ ತಂದೆಯ ಮನೆತನದ ಹೆಸರು. ಮದುವೆಯಾದ ಮೇಲೆ ಗೆರೋವಿಟ್ಜ್ ಎಂಬ ಪತಿಯ ಮನೆತನದ ಹೆಸರು. 1970ರಲ್ಲಿ ಅವರು ಇವೆರಡನ್ನೂ ಬಿಟ್ಟು, ತಾವು ಹುಟ್ಟಿದ ಊರಿನ ಹೆಸರನ್ನೇ ತಮ್ಮದನ್ನಾಗಿ ಮಾಡಿಕೊಂಡು, ಅದನ್ನು ಕಲಾಪತ್ರಿಕೆಯಲ್ಲಿ ಬಹಿರಂಗವಾಗಿ ಪ್ರಕಟಿಸಿದರು.

ಅದೇ ವರ್ಷ ಶಿಕಾಗೊ ಅವರು ಕ್ಯಾಲಿಫೋರ್ನಿಯದ ಫ್ರೆಸ್ನೊ ಎಂಬ ಊರಿನ ಕಾಲೇಜಿನಲ್ಲಿ 15 ಮಂದಿ ವಿದ್ಯಾರ್ಥಿನಿಯರಿಗಾಗಿ ಪ್ರತ್ಯೇಕವಾದ ಕಲಾತರಗತಿಯನ್ನು ತೆರೆದರು. 1971ರಲ್ಲಿ ಶಪೀರೊ ಅವರೊಡಗೂಡಿ ಅದನ್ನು ‘ಕ್ಯಾಲಿಫೋರ್ನಿಯ ಇನ್‌ಸ್ಟಿಟ್ಯೂಟ್ ಆಫ್ ದಿ ಆರ್ಟ್ಸ್’ ಎಂಬ ಕಲಾಸಂಸ್ಥೆಯಲ್ಲಿ ಮುಂದುವರಿಸಿದರು. ಆ ಸಂಸ್ಥೆಯ ಹೊಸ ಕಟ್ಟಡವು ಆಗ ಇನ್ನೂ ಸಿದ್ಧವಾಗಿರಲಿಲ್ಲ. ಮನೆಯೊಂದನ್ನೇ ಹಿಡಿದು ಕೆಲಸಮಾಡಬಾರದೇಕೆ ಎಂಬ ಸಲಹೆಯನ್ನು ಅಲ್ಲಿ ಕಲೆಯ ಇತಿಹಾಸವನ್ನು ಬೋಧಿಸುತ್ತಿದ್ದ ಪೌಲಾ ಹಾರ್ಪರ್ ಅವರು ಕೊಟ್ಟರು.

ಈ ತರಗತಿಯ ಬೋಧನಕ್ರಮವು ಗಮನಾರ್ಹವಾದುದು. ಎಲ್ಲರೂ ವರ್ತುಲವಾಗಿ ಕುಳಿತುಕೊಳ್ಳುವರು. ಒಂದು ವಿಷಯವನ್ನು ಆರಿಸಿಕೊಳ್ಳುವರು: ತಾಯಿ, ಹಣ, ಭಯ, ಅಡಿಗೆಮನೆ ಹೀಗೆ. ಬಳಿಕ ಪ್ರತಿಯೊಬ್ಬರೂ ಸರದಿಯಂತೆ ತಮ್ಮ ಅನುಭವವನ್ನು ಹೇಳುವರು. ಒಬ್ಬರು ನುಡಿಯುವಾಗ ಉಳಿದವರು ಕೇಳುವರು. ಕೃತಿಯ ರೂಪವು ಈ ಅನುಭವಗಳಿಂದ ಹುಟ್ಟಬೇಕು. ತನಗೊಬ್ಬಳಿಗೇ ಇರುವ ದುಃಖವೆಂದು ಬಗೆದುದು ಹತ್ತು ಮಂದಿಯದೂ ಹೌದೆಂದು ತಿಳಿದಾಗ, ಅದು ತನ್ನ ಸ್ವಭಾವದ ದೋಷವಲ್ಲ, ತನ್ನ ಮೇಲೆ ಹೊರಿಸಿದ ಭಾರವೆಂಬ ಬೋಧೆ ಅವರಿಗೆ ಆಗುತ್ತಿತ್ತು.

3. ಮನೆಯನ್ನು ಸಜ್ಜುಗೊಳಿಸಿದುದು

ಹಾಲಿವುಡ್ ಭಾಗದ ಮಾರಿಪೋಸಾ ಬೀದಿಯಲ್ಲಿ 17 ಕೋಣೆಗಳ ದೊಡ್ಡದೊಂದು ಮನೆ ಪಾಳುಬಿದ್ದಿತ್ತು. ವಿದ್ಯಾರ್ಥಿನಿಯರು ಸರಕಾರಿ ದಾಖಲೆಗಳಿಂದ ಒಡೆಯರನ್ನು ಪತ್ತೆಹಚ್ಚಿ ಪತ್ರ ಬರೆದರು. ಹೇಗೂ ಕೆಡವಬೇಕಾಗಿದ್ದ ಆ ಮನೆಯನ್ನು ಸ್ವಲ್ಪ ಕಾಲ ಬಳಸಿಕೊಳ್ಳಲು ಅಪ್ಪಣೆ ದೊರೆಯಿತು. 1971ರ ನವೆಂಬರ್ 8ರಂದು 23 ಮಂದಿ ಮಹಿಳೆಯರು ಪೊರಕೆ, ಬಕೆಟ್ಟು, ಏಣಿ, ಗರಗಸ, ಸುತ್ತಿಗೆಗಳನ್ನು ಹಿಡಿದುಕೊಂಡು ಅಲ್ಲಿಗೆ ಬಂದರು.

ಮನೆಯಲ್ಲಿ ನೀರಿನ ವ್ಯವಸ್ಥೆಯಿರಲಿಲ್ಲ. ಚಳಿಗಾಲದಲ್ಲಿ ಬೆಚ್ಚಗಿಡುವ ಸಾಧನವಿರಲಿಲ್ಲ. ಕಿಟಕಿಗಳ ಗಾಜುಗಳು ಒಡೆದಿದ್ದುವು. ಗೋಡೆಗಳಿಗೆ ಗಾರೆ ಬಳಿಯುವುದು, ನೆಲವನ್ನು ಉಜ್ಜಿ ನಯಮಾಡುವುದು, ಗಾಜು ಕೂರಿಸುವುದು, ಮರ ಕೊಯ್ಯುವುದು, ಬಣ್ಣ ಹಚ್ಚುವುದು ಇವೆಲ್ಲವನ್ನೂ ಅವರೇ ಮಾಡಬೇಕಾಯಿತು. ಅವರಲ್ಲಿ ಅನೇಕರಿಗೆ ಇಂಥ ಉಪಕರಣಗಳನ್ನು ಹಿಡಿದು ರೂಢಿಯಿರಲಿಲ್ಲ. ಅವು ಗಂಡಸರ ಕೆಲಸಗಳೆಂದು ತಿಳಿದು ಬೆಳೆದವರು. ದಣಿವಿನಿಂದ ಕೋಪ ಹುಟ್ಟಿತು. ಕೆಲವರು ಗುರುಗಳ ಮೇಲೆಯೇ ಸಿಟ್ಟಾದರು. ತಮ್ಮನ್ನು ಮಿತಿಮೀರಿ ದುಡಿಸುತ್ತಾರೆ, ಅಧಿಕಾರ ನಡೆಸುತ್ತಾರೆ ಎಂದು ದೂರಿದರು. ಜಗಳಗಳೂ ಆದುವು.

ಈ ಭಾಗವನ್ನು ಕಲೆಯ ಪೂರ್ವಸಿದ್ಧತೆಯೆಂದು ಬಿಟ್ಟುಬಿಡಲಾಗದು. ಕೋಣೆಗಳಲ್ಲಿ ಮುಂದೆ ಅವರು ಚಿತ್ರಿಸಿದುದು ಹೆಣ್ಣಿಗೆ ಜಗತ್ತು ಕೊಟ್ಟ ಗುರುತನ್ನು. ಗಾಜು ಕೂರಿಸುವಾಗ ಅವರು ಕಂಡುಕೊಂಡುದು ತಮ್ಮ ಶಕ್ತಿಯನ್ನು. ಮೊದಲನೆಯದು ಪ್ರದರ್ಶನಕ್ಕೆ ಬಂದಿತು. ಎರಡನೆಯದು ಮಾಡಿದವರ ಕೈಗಳಲ್ಲಿ ಉಳಿಯಿತು.

4. ಕೋಣೆಗಳ ದರ್ಶನ

1972ರ ಜನವರಿ 30ರಂದು ಮನೆಯ ಬಾಗಿಲು ತೆರೆಯಿತು. ಮೊದಲನೆಯ ದಿನ ಸ್ತ್ರೀಯರಿಗೆ ಮಾತ್ರ ಪ್ರವೇಶ. ಅನಂತರ ಫೆಬ್ರವರಿ 28ರವರೆಗೆ ಸರ್ವರಿಗೂ. ಸುಮಾರು 10,000 ಜನ ಬಂದು ನೋಡಿದರು. ಎಲ್ಲ ಕೋಣೆಗಳನ್ನೂ ವರ್ಣಿಸಲು ಇಲ್ಲಿ ಸ್ಥಳವಿಲ್ಲ. ಐದನ್ನು ಮಾತ್ರ ನೋಡೋಣ.

ಮದುಮಗಳ ಮೆಟ್ಟಿಲು: ಮೆಟ್ಟಿಲುಸಾಲಿನ ಮೇಲುಗಡೆ ಶ್ವೇತವಸ್ತ್ರದ ಮದುಮಗಳ ಬೊಂಬೆ ನಿಂತಿದೆ. ಅವಳ ಉಡುಪಿನ ಉದ್ದವಾದ ಸೆರಗು ಮೆಟ್ಟಿಲುಗಳ ಮೇಲೆ ಹರಿದು ಬರುತ್ತ ಕೆಳಗೆ ಅಡಿಗೆಮನೆಯ ಕಡೆಗೆ ಸಾಗುವುದು. ಮೇಲೆ ಬೆಳ್ಳಗಿದ್ದುದು ಕೆಳಗಿಳಿದಂತೆಲ್ಲ ಬೂದುಬಣ್ಣಕ್ಕೆ ತಿರುಗುವುದು. ಇದು ಕ್ಯಾಥಿ ಹ್ಯೂಬರ್‌ಲ್ಯಾಂಡ್ ಅವರ ಕೃತಿ. ಮದುವೆಯ ದಿನದ ಸಂಭ್ರಮಕ್ಕೂ ಮರುದಿನದಿಂದ ಮೊದಲಾಗುವ ಜೀವನಕ್ಕೂ ಇರುವ ಅಂತರವನ್ನು ಹೇಳಲು ಒಂದು ಬಟ್ಟೆಯೇ ಸಾಕಾಯಿತು.

ಅಡಿಗೆಮನೆ: ಸೂಸನ್ ಫ್ರೇಜಿಯರ್, ವಿಕಿ ಹಾಜೆಟ್ಸ್, ರಾಬಿನ್ ವೆಲ್ಷ್ ಎಂಬ ಮೂವರು ಸೇರಿ ರಚಿಸಿದುದು. ಗೋಡೆ, ಒಲೆ, ಸಾಮಾನು ಸಕಲವೂ ಮನುಷ್ಯನ ಮೈಯ ಬಣ್ಣವನ್ನು ನೆನಪಿಸುವ ನಸುಗೆಂಪು. ಮೇಲ್ಚಾವಣಿಯಲ್ಲಿ ಕರಿದ ಮೊಟ್ಟೆಗಳ ಆಕಾರಗಳು. ಅವು ಗೋಡೆಯ ಮೇಲೆ ಇಳಿದು ಬರುತ್ತ ಕ್ರಮವಾಗಿ ಮಾತೃಸ್ತನಗಳಾಗಿ ಮಾರ್ಪಡುವುವು. ಉಣಿಸುವವಳೂ ಉಣಿಸೂ ಒಂದೇ ಆಗಿಹೋದ ಸ್ಥಿತಿಯನ್ನು ಈ ಕೋಣೆ ತೋರಿಸುವುದು. ಉಣಿಸುವುದು ಪುಣ್ಯಕಾರ್ಯವೇ ಸರಿ. ಆದರೆ ಉಣಿಸುವವಳು ಉಂಡಳೋ ಇಲ್ಲವೋ ಎಂದು ಕೇಳುವವರಿಲ್ಲದ ಮನೆಯಲ್ಲಿ ಆ ಪುಣ್ಯವು ಯಾರ ಪಾಲಿಗೆ?

ಬಟ್ಟೆಯ ಕಪಾಟು: ಸ್ಯಾಂಡಿ ಆರ್ಗೆಲ್ ಅವರದು. ಮಡಿಸಿಟ್ಟ ಹಾಸಿಗೆಬಟ್ಟೆಗಳ ಕಪಾಟಿನೊಳಗೆ ಒಬ್ಬ ಹೆಣ್ಣಿನ ಬೊಂಬೆ. ಕಪಾಟಿನ ಹಲಗೆಗಳು ಅವಳ ಶರೀರವನ್ನು ಅಡ್ಡಡ್ಡವಾಗಿ ಸೀಳಿಕೊಂಡು ಹೋಗಿವೆ. ತಲೆ ಒಂದು ಅಂತಸ್ತಿನಲ್ಲಿ, ಎದೆ ಇನ್ನೊಂದರಲ್ಲಿ. ಆದರೆ ಅವಳ ಒಂದು ಕಾಲು ಮಾತ್ರ ಹೊರಗೆ ಹೆಜ್ಜೆಯಿಟ್ಟಿದೆ. ಮನೆಯ ಅಚ್ಚುಕಟ್ಟುತನವೇ ಮನೆಯವಳನ್ನು ಹೇಗೆ ತುಂಡುತುಂಡಾಗಿ ಜೋಡಿಸಿಡಬಲ್ಲುದೆಂಬುದನ್ನೂ, ಆ ಜೋಡಣೆಯು ಕೊನೆಯ ಮಾತಲ್ಲವೆಂಬುದನ್ನೂ ಒಂದೇ ಪ್ರತಿಮೆ ಸೂಚಿಸುವುದು.

ಲೇಯಾಳ ಕೋಣೆ: ಕ್ಯಾರೆನ್ ಲಿಕಾಕ್ ಮತ್ತು ನ್ಯಾನ್ಸಿ ಯೂಡಲ್‌ಮನ್ ಅವರದು. ಫ್ರೆಂಚ್ ಲೇಖಕಿ ಕೋಲೆತ್ ಅವರ ‘ಶೇರಿ’ ಎಂಬ ಕಾದಂಬರಿಯಲ್ಲಿ ಯೌವನ ಕಳೆಯುತ್ತಿರುವ ವಿಲಾಸಿನಿಯೊಬ್ಬಳ ಪಾತ್ರವಿದೆ. ಅವಳ ಅಲಂಕಾರಗೃಹವನ್ನು ಇಲ್ಲಿ ನಿರ್ಮಿಸಿದ್ದರು. ಸಜೀವಳಾದ ಸ್ತ್ರೀಯೊಬ್ಬಳು ಕನ್ನಡಿಯ ಮುಂದೆ ಕುಳಿತು ಮುಖಕ್ಕೆ ಬಣ್ಣದ ಮೇಲೆ ಬಣ್ಣ ಬಳಿದುಕೊಳ್ಳುವಳು, ತೃಪ್ತಿಯಾಗದೆ ಒರಸಿಹಾಕುವಳು, ಮತ್ತೆ ಬಳಿದುಕೊಳ್ಳುವಳು. ಕನ್ನಡಿಯು ಮುಖವನ್ನು ತೋರಿಸುವುದೇ ಹೊರತು ತನ್ನನ್ನು ತೋರಿಸದು; ಅನ್ಯರ ಕಣ್ಣಿನಿಂದ ತನ್ನನ್ನು ನೋಡಿಕೊಳ್ಳುವವರಿಗೆ ಎಷ್ಟು ಬಣ್ಣವೂ ಸಾಲದು.

ಬಿಳಿಯ ಸ್ನಾನಗೃಹ: ಇದನ್ನು ಶಿಕಾಗೊ ಅವರೇ ರಚಿಸಿದರು. ಅಚ್ಚ ಬಿಳುಪಾದ, ನಿರ್ಮಲವಾದ ಕೋಣೆ; ಬಾಗಿಲಿಗೆ ತೆಳುವಾದ ಬಟ್ಟೆಯ ತೆರೆ. ಒಳಗೆ ಸ್ತ್ರೀಯರು ತಿಂಗಳು ತಿಂಗಳೂ ಉಪಯೋಗಿಸುವ ವಸ್ತುಗಳು ಹಲಗೆಯ ಮೇಲೆ. ಉಪಯೋಗಿಸಿದವು ತುಂಬಿ ತುಳುಕುವ ಬುಟ್ಟಿಯಲ್ಲಿ. ಅಷ್ಟೇ. ಎಲ್ಲರ ಮನೆಯಲ್ಲಿಯೂ ಇರುವುದು, ಯಾರ ಮನೆಯಲ್ಲಿಯೂ ನುಡಿಯಲಾಗದುದು, ಅಲ್ಲಿ ತೆರೆಯ ಹಿಂದೆ ಕಾಣುವಂತಿತ್ತು.

ಈ ಕೋಣೆಯ ಮುಂದೆ ನಾವು ಸ್ವಲ್ಪ ಹೊತ್ತು ನಿಲ್ಲಬೇಕಾಗಿದೆ. ಪಂಚಸೂತಕಗಳನ್ನು ನಿರಾಕರಿಸಿದ ಪರಂಪರೆಯು ನಮ್ಮದು. ಆ ಐದರಲ್ಲಿ ರಜಸ್ಸೂತಕವೂ ಒಂದು. ಲಿಂಗಧಾರಿಯಾದವಳ ಶರೀರವು ಯಾವ ದಿನವೂ ಅಶುಚಿಯಲ್ಲವೆಂಬುದು ಸಿದ್ಧಾಂತ. ಸಿದ್ಧಾಂತವನ್ನು ಬಲ್ಲ ಮನೆಗಳಲ್ಲಿಯೂ ಹೆಣ್ಣುಮಗಳು ಆ ದಿನಗಳಲ್ಲಿ ಪೂಜೆಯ ಕೋಣೆಯ ಹೊಸ್ತಿಲಿನಿಂದ ಹಿಂದಕ್ಕೆ ಸರಿದು ನಿಲ್ಲುವುದಾದರೆ, ಅವಳಿಗೆ ತನ್ನ ಗುರುತನ್ನು ಕಲಿಸಿದುದು ಯಾವುದು? ಸಿದ್ಧಾಂತವೋ, ಹೊಸ್ತಿಲೋ? ದೂರದೇಶದ ಕಲಾವಿದೆಯೊಬ್ಬಳು ಬಿಳಿಯ ಕೋಣೆಯೊಂದರಲ್ಲಿ ಕೇಳಿದ ಪ್ರಶ್ನೆಗೆ ಎಂಟು ನೂರು ವರ್ಷಗಳ ಹಿಂದೆಯೇ ಉತ್ತರ ಪಡೆದವರು ನಾವು. ಪಡೆದ ಉತ್ತರವನ್ನು ಆಚಾರದಲ್ಲಿ ಉಳಿಸಿಕೊಂಡಿರುವೆವೇ ಎಂಬುದು ಬೇರೆಯ ಪ್ರಶ್ನೆ.

5. ಕಾಯುವುದೆಂಬ ಅಭಿನಯ

ಮನೆಯ ನಡುಕೋಣೆಯಲ್ಲಿ ಕಿರುರೂಪಕಗಳು ನಡೆಯುತ್ತಿದ್ದುವು. ಒಂದರಲ್ಲಿ ಒಬ್ಬಳು ಮೊಣಕಾಲೂರಿ ನೆಲವನ್ನು ಉಜ್ಜುವಳು, ಉಜ್ಜುತ್ತಲೇ ಇರುವಳು. ಇನ್ನೊಂದರಲ್ಲಿ ಒಬ್ಬಳು ಬಟ್ಟೆಗೆ ಇಸ್ತ್ರಿ ಹಾಕುವಳು, ಹಾಕುತ್ತಲೇ ಇರುವಳು. ಇವುಗಳಲ್ಲಿ ಕಥೆಯಿಲ್ಲ. ದಿನವೂ ನಮ್ಮ ಕಣ್ಣ ಮುಂದೆ ನಡೆದರೂ ನಾವು ನೋಡದ ಕೆಲಸವನ್ನು ನೋಡುವಂತೆ ಮಾಡುವುದೊಂದೇ ಅವುಗಳ ಉದ್ದೇಶ.

ಹೆಚ್ಚು ಪ್ರಸಿದ್ಧವಾದುದು ಫೇಯ್ತ್ ವೈಲ್ಡಿಂಗ್ ಎಂಬ ವಿದ್ಯಾರ್ಥಿನಿಯ ‘ವೇಟಿಂಗ್’, ಅಂದರೆ ‘ಕಾಯುವುದು’. ಕೈಗಳನ್ನು ಮಡಿಲಲ್ಲಿರಿಸಿಕೊಂಡು, ಕುರ್ಚಿಯಲ್ಲಿ ಕುಳಿತು ಹಿಂದಕ್ಕೂ ಮುಂದಕ್ಕೂ ತೂಗುತ್ತ, ಸುಮಾರು ಹದಿನೈದು ನಿಮಿಷಗಳ ಕಾಲ ಆಕೆ ಒಂದೇ ಧ್ವನಿಯಲ್ಲಿ ನುಡಿಯುವಳು. ಮಗುವಾಗಿದ್ದಾಗ ಯಾರೋ ಎತ್ತಿಕೊಳ್ಳಲೆಂದು ಕಾಯುವುದರಿಂದ ಮೊದಲಾಗಿ, ಬೆಳೆಯುವುದಕ್ಕೆ, ಮದುವೆಗೆ, ಮಕ್ಕಳಿಗೆ, ಮಕ್ಕಳು ದೊಡ್ಡವರಾಗುವುದಕ್ಕೆ, ಕಡೆಗೆ ಮುಪ್ಪಿನ ಕೊನೆಗೆ ಕಾಯುವುದರವರೆಗೆ ಒಂದು ಜನ್ಮವೆಲ್ಲ ಅದರಲ್ಲಿ ಅಡಕವಾಗಿದೆ. ಕೇಳಿದ ಸ್ತ್ರೀಯರಲ್ಲಿ ಅತ್ತವರೂ ಉಂಟು. ದುಃಖದ ಸಂಗತಿಯೊಂದೂ ಅದರಲ್ಲಿ ಘಟಿಸುವುದಿಲ್ಲ. ಬಾಳುವೆಯ ಕರ್ತೃವಾಗಿ ತಾನು ಒಮ್ಮೆಯೂ ಮುಂದೆ ಬರಲಿಲ್ಲವೆಂಬುದೇ ಅದರ ದುಃಖ.

6. ಶಂಕೆ ಮತ್ತು ಸಮಾಧಾನ

ಮೊದಲನೆಯ ಶಂಕೆ: ಇದರಿಂದ ಗೃಹಕೃತ್ಯವನ್ನು ಹೀನವೆಂದು ಹೇಳಿದಂತಾಗಲಿಲ್ಲವೆ? ಮನೆಯನ್ನು ನಡೆಸುವುದೂ ಕಾಯಕವಲ್ಲವೆ?

ಸಮಾಧಾನ: ಕಾಯಕವೇ ಸರಿ. ಆ ಮನೆಯಲ್ಲಿಯೂ ಗೃಹಕೌಶಲವನ್ನು ಕೀಳುಗಳೆದುದಿಲ್ಲ. ವೈಲ್ಡಿಂಗ್ ಅವರು ಒಂದು ಕೋಣೆಯನ್ನು ಸಂಪೂರ್ಣವಾಗಿ ದಾರದ ಕ್ರೋಶೆ ಹೆಣಿಗೆಯಿಂದಲೇ ತುಂಬಿದರು. ಅದರೊಳಗೆ ಹೋದವರಿಗೆ ಬಲೆಯಂತೆಯೂ ಗೂಡಿನಂತೆಯೂ ತೋರುತ್ತಿತ್ತು. ಶಪೀರೊ ಅವರು ಶೆರಿ ಬ್ರೋಡಿ ಎಂಬವರೊಡನೆ ಬಟ್ಟೆಯ ತುಂಡು, ಸಣ್ಣ ಸಣ್ಣ ಸಾಮಾನುಗಳಿಂದ ಆರು ಕೋಣೆಗಳ ಬೊಂಬೆಮನೆಯನ್ನು ರಚಿಸಿದರು. ತಾಯಿ ಅಜ್ಜಿಯರ ಕೈಗೆಲಸವು ಇಲ್ಲಿ ಕಲೆಯ ಪದವಿಯನ್ನು ಪಡೆಯಿತು. ಅವರು ಪ್ರಶ್ನಿಸಿದುದು ಕೆಲಸವನ್ನಲ್ಲ. “ಇದೇ ನೀನು, ಇದರ ಹೊರತು ನೀನಿಲ್ಲ” ಎಂಬ ಕಟ್ಟನ್ನು. ಇಚ್ಛೆಯಿಂದ ಮಾಡಿದುದು ಕಾಯಕ. ಹೇರಿ ಮಾಡಿಸಿದುದು ಬಿಟ್ಟಿ. ಎರಡರಲ್ಲಿಯೂ ಕೈ ಆಡುವ ಬಗೆ ಒಂದೇ. ಆದರೆ ಮಾಡುವವಳು ಒಂದೇ ಅಲ್ಲ.

ಎರಡನೆಯ ಶಂಕೆ: ಕೆಲವು ಮಂದಿ ವಿದ್ಯಾರ್ಥಿನಿಯರ ಅನುಭವವನ್ನು ಸ್ತ್ರೀಕುಲದ ಅನುಭವವೆಂದು ಹೇಳುವುದು ಸರಿಯೆ?

ಸಮಾಧಾನ: ಸರಿಯಲ್ಲ. ಈ ಆಕ್ಷೇಪವನ್ನು ಅನಂತರದ ವಿಮರ್ಶಕರೂ ಎತ್ತಿರುವರು. ಅವರಲ್ಲಿ ಹೆಚ್ಚಿನವರು ಮಧ್ಯಮವರ್ಗದ ಬಿಳಿಯ ತರುಣಿಯರು. ಪರರ ಮನೆಯ ಅಡಿಗೆಗೂ ನೆಲ ಉಜ್ಜುವುದಕ್ಕೂ ಕೂಲಿಗೆ ಹೋಗುತ್ತಿದ್ದ ಕರಿಯ ಸ್ತ್ರೀಗೆ ಅಡಿಗೆಮನೆಯ ಅರ್ಥವೇ ಬೇರೆಯಾಗಿತ್ತು. ಅವಳ ಕೋಣೆ ಆ ಮನೆಯಲ್ಲಿರಲಿಲ್ಲ. ತನ್ನನ್ನು ಅರಿಯಲು ಹೊರಟವರು ಪಕ್ಕದವರನ್ನು ಮರೆಯುವ ಅಪಾಯವು ಎಲ್ಲ ಕಾಲದಲ್ಲಿಯೂ ಇರುವುದು. 2022ರಲ್ಲಿ, ಐವತ್ತು ವರ್ಷಗಳು ತುಂಬಿದಾಗ, ನ್ಯೂ ಮೆಕ್ಸಿಕೊ ಪ್ರಾಂತದ ಬೆಲೆನ್ ಎಂಬ ಊರಿನಲ್ಲಿ ಇಂಥದೇ ಇನ್ನೊಂದು ಮನೆಯನ್ನು ರಚಿಸಿದಾಗ ಸ್ತ್ರೀಯರಿಗಷ್ಟೇ ಅದನ್ನು ಮೀಸಲಿಡದೆ ಇತರರನ್ನೂ ಸೇರಿಸಿಕೊಂಡುದು ಈ ಕೊರತೆಯ ಅರಿವಿನಿಂದಲೇ ಎಂದು ಭಾವಿಸಬಹುದು.

ಮೂರನೆಯ ಶಂಕೆ: ಇದು ನಿಜವಾದ ಆತ್ಮಶೋಧನೆಯೆ? ಹೆಣ್ಣು, ಗಂಡು ಎಂಬುವು ದೇಹದ ಗುರುತುಗಳಲ್ಲವೆ? ಅರಿವಿಗೆ ಲಿಂಗಭೇದವಿಲ್ಲವೆಂದು ಶರಣರು ಸಾರಿರುವರಲ್ಲವೆ?

ಸಮಾಧಾನ: ಸಾರಿರುವರು, ನಿಜ. ಈ ವಿದ್ಯಾರ್ಥಿನಿಯರು ಮೋಕ್ಷವನ್ನು ಬಯಸಿ ಹೊರಟವರಲ್ಲ. ಅವರ ಶೋಧನೆ ಸಮಾಜದಲ್ಲಿ ತಮಗೆ ದೊರೆತ ಗುರುತನ್ನು ಕುರಿತದ್ದು. ಅದನ್ನು ಅದಕ್ಕಿಂತ ಹಿರಿದಾಗಿ ಹೇಳಬೇಕಾದುದಿಲ್ಲ. ಆದರೆ ಅರಿವಿಗೆ ಭೇದವಿಲ್ಲವೆಂಬ ಮಾತನ್ನು ಗಂಡಸು ಸುಲಭವಾಗಿ ಹೇಳಿಬಿಡಬಹುದು. ದಿನಕ್ಕೆ ಹತ್ತು ಬಾರಿ “ನೀನು ಹೆಣ್ಣು” ಎಂದು ನೆನಪಿಸಿಕೊಂಡು ಬಾಳುವವಳಿಗೆ ಅದು ಅಷ್ಟು ಸುಲಭವಲ್ಲ. ಮೈಮೇಲೆ ಏನನ್ನು ಹೊರಿಸಿದ್ದಾರೆಂದು ಮೊದಲು ಕಾಣಬೇಕು. ಕಂಡ ಮೇಲೆ ಇಳಿಸಬೇಕು. ಇಳಿಸಿದ ಮೇಲೆ ಉಳಿಯುವುದೇನೆಂದು ವಿಚಾರಿಸಬೇಕು. ಅವರು ಮೊದಲ ಹೆಜ್ಜೆಯನ್ನು ಪ್ರಾಮಾಣಿಕವಾಗಿ ಇಟ್ಟರು.

7. ಮನೆ ಹೋಯಿತು, ಉಳಿದುದೇನು?

ಒಪ್ಪಂದದಂತೆ ಪ್ರದರ್ಶನವು ಮುಗಿದ ಬಳಿಕ ಮನೆಯನ್ನು ಕೆಡವಿದರು. ನಸುಗೆಂಪು ಅಡಿಗೆಮನೆಯೂ, ಮದುಮಗಳ ಮೆಟ್ಟಿಲೂ, ಬಿಳಿಯ ಸ್ನಾನಗೃಹವೂ ಹೋದುವು. ಬೊಂಬೆಮನೆ ಉಳಿದು, ಈಗ ವಾಷಿಂಗ್ಟನ್ ನಗರದ ಸ್ಮಿತ್‌ಸೋನಿಯನ್ ಕಲಾಸಂಗ್ರಹಾಲಯದಲ್ಲಿದೆ. ಜೊಹಾನಾ ಡೆಮೆಟ್ರಾಕಸ್ ಎಂಬವರು ತೆಗೆದ ಚಲನಚಿತ್ರವು 1974ರಲ್ಲಿ ಹೊರಬಂದು, ಮನೆಯು ಹೇಗಿತ್ತೆಂಬುದಕ್ಕೆ ಸಾಕ್ಷಿಯಾಯಿತು. ಹೆಣಿಗೆಯ ಕೋಣೆಯನ್ನು ವೈಲ್ಡಿಂಗ್ ಅವರು 1995ರಲ್ಲಿ ಮತ್ತೊಮ್ಮೆ ಹೆಣೆದರು.

ಜನರು ಉಳಿದರು, ಅವರ ಕೆಲಸವೂ ಬೆಳೆಯಿತು. 1973ರಲ್ಲಿ ಅದೇ ನಗರದಲ್ಲಿ ಶಿಕಾಗೊ ಅವರೂ ಅವರ ಸಂಗಡಿಗರೂ ‘ವುಮನ್ಸ್ ಬಿಲ್ಡಿಂಗ್’ ಎಂಬ ಕಲಾಕೇಂದ್ರವನ್ನು ಸ್ಥಾಪಿಸಿದರು; ಅದು 1991ರವರೆಗೆ ನಡೆಯಿತು. ಇತಿಹಾಸವು ಮರೆತ ಸ್ತ್ರೀಯರಿಗಾಗಿ ಭೋಜನದ ಪಂಕ್ತಿಯನ್ನು ಹಾಸಿದಂತಿರುವ ಶಿಕಾಗೊ ಅವರ ‘ದಿ ಡಿನ್ನರ್ ಪಾರ್ಟಿ’ ಎಂಬ ಮಹಾಕೃತಿಯು 1979ರಲ್ಲಿ ಪ್ರದರ್ಶಿತವಾಗಿ, 2007ರಿಂದ ನ್ಯೂಯಾರ್ಕಿನ ಬ್ರೂಕ್ಲಿನ್ ಸಂಗ್ರಹಾಲಯದಲ್ಲಿ ಸ್ಥಿರವಾಗಿ ನೆಲಸಿದೆ. ಶಪೀರೊ ಅವರು 2015ರಲ್ಲಿ ತೀರಿಕೊಳ್ಳುವವರೆಗೆ ಬಟ್ಟೆ, ಕಸೂತಿಗಳನ್ನು ಚಿತ್ರಕಲೆಯೊಳಗೆ ತಂದ ಹಿರಿಯರೆಂದು ಮನ್ನಣೆ ಪಡೆದರು. ಕಲಾಕೃತಿಯಾಗಿ ಮನೆಯು ಬಾಳಿದುದು ಒಂದು ತಿಂಗಳು. ಅಲ್ಲಿ ಮೂಡಿದ ಪ್ರಶ್ನೆಯು ಅರ್ಧ ಶತಮಾನವನ್ನು ದಾಟಿ ಬಂದಿದೆ.

8. ಗೃಹಸ್ಥರಿಗೆ

ಇಂಥ ಮನೆಯನ್ನು ನಾವು ಕಟ್ಟಬೇಕಾಗಿಲ್ಲ. ನಾವು ವಾಸಿಸುವ ಮನೆಯೇ ಸಾಕು. ಯಾವ ಕೋಣೆಯಲ್ಲಿ ಯಾರು ಹೆಚ್ಚು ಹೊತ್ತು ಇರುವರು, ಯಾರಿಗಾಗಿ ಯಾರು ಕಾಯುವರು, ಉಣ್ಣುವಾಗ ಕೊನೆಯವರು ಯಾರು, ಯಾರ ಮಾತಿನ ನಡುವೆ ಉಳಿದವರು ಬಾಯಿ ಹಾಕುವರು ಎಂಬುದನ್ನು ಒಂದು ವಾರ ಸುಮ್ಮನೆ ಗಮನಿಸಿದರೆ, ಮನೆಯವರಿಗೆ ನಾವು ಕೊಟ್ಟಿರುವ ಗುರುತುಗಳು ತಾವಾಗಿ ಕಣ್ಣಿಗೆ ಬೀಳುವುವು. ಮಗಳಿಗೆ “ನೀನು ಪರರ ಮನೆಗೆ ಹೋಗುವವಳು” ಎಂದೂ, ಸೊಸೆಗೆ “ನೀನು ಹೊರಗಿನಿಂದ ಬಂದವಳು” ಎಂದೂ ಹೇಳುವ ಮನೆಯಲ್ಲಿ ಹೆಣ್ಣಿಗೆ ತನ್ನದೆಂಬ ಮನೆ ಯಾವುದು? ಮಗನಿಗೂ ನಾವು ಕೊಟ್ಟ ಗುರುತು ಹಗುರವಾದುದೇನಲ್ಲ. ಅಳಬಾರದು, ಒಲೆ ಹಚ್ಚಬಾರದು, ಸೋಲಬಾರದು ಎಂಬ ಕಟ್ಟುಗಳು ಅವನನ್ನೂ ಕಪಾಟಿನಲ್ಲಿರಿಸುವುವು.

ಗುರುತುಗಳಿಲ್ಲದೆ ಸಂಸಾರವು ನಡೆಯದು. ತಾಯಿ, ಮಗಳು, ಅತ್ತೆ, ಸೊಸೆ ಎಂಬುವು ಪ್ರೀತಿಯ ಹೆಸರುಗಳೂ ಹೌದು. ಅವು ತೊಟ್ಟುಕೊಂಡು ತೆಗೆದಿಡಬಹುದಾದ ಉಡುಪಿನಂತೆ ಇರುವವರೆಗೆ ಸೊಗಸು. ಚರ್ಮಕ್ಕೆ ಅಂಟಿದಾಗ ಬಂಧನ. ಆ ಮನೆಯ ವಿದ್ಯಾರ್ಥಿನಿಯರು ಉಡುಪನ್ನು ಬಿಚ್ಚಿ ಗೋಡೆಗೆ ತೂಗಿಹಾಕಿ ನೋಡಿದರು. ನೋಡುತ್ತಿರುವವಳು ಉಡುಪಲ್ಲವೆಂಬುದು ಅವರಿಗೆ ಆಗ ತಿಳಿಯಿತು.

ಮನನಕ್ಕೆ ಕೆಲವು ಪ್ರಶ್ನೆಗಳು

ಒಂದು: ನನ್ನ ಹೆಸರಿನೊಡನೆ ಬಂದ ಗುರುತುಗಳಲ್ಲಿ ನಾನು ವಿಚಾರಿಸಿ ಒಪ್ಪಿಕೊಂಡುದು ಯಾವುದು, ವಿಚಾರಿಸದೆ ಹೊತ್ತುಕೊಂಡುದು ಯಾವುದು?

ಎರಡು: ನಮ್ಮ ಮನೆಯಲ್ಲಿ ಎಲ್ಲರಿಗೂ ಗೊತ್ತಿದ್ದು ಯಾರೂ ನುಡಿಯದ ಸಂಗತಿ ಯಾವುದು? ಅದನ್ನು ನುಡಿಯದೆ ಇರುವುದರಿಂದ ನೋಯುವವರು ಯಾರು?

ಮೂರು: ರಜಸ್ಸೂತಕದ ವಿಷಯದಲ್ಲಿ ನಮ್ಮ ಮನೆಯ ನಡೆ ಸಿದ್ಧಾಂತಕ್ಕೆ ಸಮನಾಗಿದೆಯೆ?

ನಾಲ್ಕು: ಮನೆಯಲ್ಲಿ ಒಬ್ಬೊಬ್ಬರೂ ಸರದಿಯಂತೆ ಮಾತಾಡಿ, ಉಳಿದವರು ನಡುವೆ ಬಾಯಿ ಹಾಕದೆ ಕೇಳುವ ಒಂದು ಗಳಿಗೆಯನ್ನು ವಾರಕ್ಕೊಮ್ಮೆಯಾದರೂ ಇಟ್ಟುಕೊಳ್ಳಲು ಸಾಧ್ಯವೆ?

ಈ ಪ್ರಶ್ನೆಗಳಿಗೆ ಬರೆದಿಡುವ ಉತ್ತರವು ಬೇಕಿಲ್ಲ. ಮನೆಯ ಹೆಣ್ಣುಮಕ್ಕಳನ್ನು ಕೂಡಿಸಿಕೊಂಡು ವಿಚಾರಿಸಿದರೆ ಸಾಕು. ಅವರು ಹೇಳುವುದನ್ನು ಕೊನೆಯವರೆಗೆ ಕೇಳುವುದೇ ಈ ಪಾಠದ ಅಭ್ಯಾಸ.